ಉಪ್ಪು ನೀರಿನ ನಡುವಿನ ಕೋಟೆಯೂರು: ಎಗ್-ಮೋರ್ತ್ ಭೇಟಿಗೆ ಸಿದ್ಧತೆ

ಫ್ರಾನ್ಸಿನ ದಕ್ಷಿಣದಲ್ಲಿ, ರೋನ್ ನದಿ ಕವಲೊಡೆದು ಮೆಡಿಟರೇನಿಯನ್ ಸಮುದ್ರವನ್ನು ಸೇರುವ ಕಮಾರ್ಗ್ ಎಂಬ ಜವುಗು ಸೀಮೆಯ ಪಶ್ಚಿಮದ ಅಂಚಿನಲ್ಲಿ, ಎಗ್-ಮೋರ್ತ್ ಎಂಬ ಸಣ್ಣ ಕೋಟೆಯೂರು ಇದೆ. ಹೆಸರಿನ ಅರ್ಥ ‘ಸತ್ತ ನೀರು’. ನಮ್ಮ ಮಾತಿನಲ್ಲಿ ಹೇಳುವುದಾದರೆ ನಿಂತ ನೀರು. ಸುತ್ತಲಿನ ಹಿನ್ನೀರು, ಕೆಸರುಗದ್ದೆ, ಉಪ್ಪಿನ ಮಡಿಗಳನ್ನು ನೋಡಿದ ಮೇಲೆ ಈ ಹೆಸರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಹದಿಮೂರನೆಯ ಶತಮಾನದ ಕೋಟೆಗೋಡೆ ಇಲ್ಲಿ ಸುಮಾರು 1,640 ಮೀಟರ್ ಉದ್ದಕ್ಕೆ, ಎಲ್ಲಿಯೂ ತುಂಡಾಗದೆ, ಊರನ್ನು ಇಂದಿಗೂ ಸುತ್ತುವರಿದಿದೆ. ಬರುವವರಲ್ಲಿ ಹೆಚ್ಚಿನವರು ಬೇಸಿಗೆಯ ಮಧ್ಯಾಹ್ನವೊಂದರಲ್ಲಿ ವಾಹನ ನಿಲ್ಲಿಸಿ, ಹೆಬ್ಬಾಗಿಲಿನಿಂದ ಒಳಹೊಕ್ಕು, ಅಂಗಡಿ ಬೀದಿಯಲ್ಲಿ ಎರಡು ಗಂಟೆ ಸುತ್ತಾಡಿ, ಐಸ್‌ಕ್ರೀಮ್ ತಿಂದು ಹೊರಟುಬಿಡುತ್ತಾರೆ. ಹಾಗೆ ನೋಡಿದವರಿಗೆ ಇದು ಅಂಗಡಿಗಳು ತುಂಬಿದ ಹಳೆಯ ಊರಾಗಿ ಮಾತ್ರ ಕಾಣುತ್ತದೆ. ಗೋಪುರ, ಗೋಡೆ ಮತ್ತು ಉಪ್ಪಿನಾಗರ ಈ ಮೂರನ್ನೂ ಸರಿಯಾದ ಹೊತ್ತಿನಲ್ಲಿ ನೋಡುವಂತೆ ಯೋಜಿಸಿಕೊಂಡು, ಗೋಡೆಯ ಒಳಗೇ ಒಂದು ರಾತ್ರಿ ತಂಗಿದವರಿಗೆ ಇದೇ ಊರು ಬೇರೆ ತೆರನಾಗಿ ಕಾಣುತ್ತದೆ. ಹಾಗೆ ಯೋಜಿಸುವ ಬಗೆಯನ್ನು ಮುಂದೆ ವಿವರಿಸಿದ್ದೇನೆ.

ಮೊದಲು ತಿಳಿದಿರಬೇಕಾದ ಇತಿಹಾಸ

ಕೋಟೆ ನೋಡಲು ಹೋಗುವವರು ಆ ಕೋಟೆ ಅಲ್ಲೇ ಏಕೆ ಎದ್ದಿತು ಎಂಬುದನ್ನು ತಿಳಿದು ಹೋಗುವುದು ಒಳ್ಳೆಯದು. ಇಲ್ಲಿ ಆ ಪ್ರಶ್ನೆ ಇನ್ನೂ ಹೆಚ್ಚಿನದು, ಏಕೆಂದರೆ ಕುಡಿಯುವ ನೀರೂ ಉಳುವ ನೆಲವೂ ವಿರಳವಾದ ಜವುಗಿನಲ್ಲಿ ಊರು ಕಟ್ಟುವುದು ಯಾರಿಗೂ ಸಹಜವಾಗಿ ಹೊಳೆಯುವ ಆಲೋಚನೆಯಲ್ಲ. ಒಂಬತ್ತನೆಯ ಲೂಯಿ ಅರಸನಾಗಿದ್ದ ಕಾಲದಲ್ಲಿ ಫ್ರಾನ್ಸಿನ ದೊರೆಗೆ ಮೆಡಿಟರೇನಿಯನ್ ತೀರದಲ್ಲಿ ತನ್ನದೇ ಆದ ಬಂದರು ಇರಲಿಲ್ಲ. ಮಾರ್ಸೇಯ್ ಪ್ರೊವಾನ್ಸ್ ಸಂಸ್ಥಾನಕ್ಕೆ ಸೇರಿತ್ತು. ಮೋಂಪೆಲಿಯೆ ಅರಗಾನ್ ದೊರೆಯ ಕೈಯಲ್ಲಿತ್ತು. ಕ್ರೂಸೇಡ್ ಎಂಬ ಕ್ರೈಸ್ತರ ಧರ್ಮಯುದ್ಧಕ್ಕೆ ಹೊರಡಲು ಸ್ವಂತ ನೆಲದ ಬಂದರೇ ಬೇಕೆಂದು ಬಯಸಿದ ಲೂಯಿ, ಪ್ಸಾಲ್ಮೋದಿ ಎಂಬ ಮಠದ ಸನ್ಯಾಸಿಗಳಿಂದ ಈ ಜಾಗವನ್ನು ಪಡೆದುಕೊಂಡನು. ಇಂಥ ಕಡೆಗೆ ಜನರನ್ನು ಕರೆತರುವುದು ಸುಲಭವಲ್ಲವಾದ್ದರಿಂದ 1246ರಲ್ಲಿ ತೆರಿಗೆ ವಿನಾಯಿತಿಗಳ ಸನದು ಹೊರಡಿಸಿದನು. 1248ರ ಆಗಸ್ಟಿನಲ್ಲಿ ಏಳನೆಯ ಕ್ರೂಸೇಡಿಗೂ, 1270ರ ಜುಲೈನಲ್ಲಿ ಎಂಟನೆಯದಕ್ಕೂ ಆತ ಹಡಗು ಹತ್ತಿದ್ದು ಇಲ್ಲಿಂದಲೇ. ಎರಡನೆಯ ಬಾರಿ ಹೋದವನು ಮರಳಲಿಲ್ಲ. ಅದೇ ವರ್ಷದ ಆಗಸ್ಟ್ 25ರಂದು ತುನಿಸ್ ಬಳಿ ಬೇನೆ ಬಿದ್ದು ತೀರಿಕೊಂಡನು. 1297ರಲ್ಲಿ ಚರ್ಚು ಆತನನ್ನು ಸಂತನೆಂದು ಘೋಷಿಸಿತು. ಊರಿನ ನಡುವಿನ ಚೌಕಕ್ಕೆ ಸಂತ ಲೂಯಿಯ ಹೆಸರಿದೆ. ಅಲ್ಲಿರುವ ಆತನ ಪ್ರತಿಮೆ ಶಿಲ್ಪಿ ಪ್ರಾದಿಯೆ 1849ರಲ್ಲಿ ಮಾಡಿದ್ದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಆಗ ಸಮುದ್ರದ ಅಲೆ ಕೋಟೆಗೋಡೆಗೇ ಬಡಿಯುತ್ತಿತ್ತು, ಕಾಲಾಂತರದಲ್ಲಿ ಹಿಂದೆ ಸರಿಯಿತು ಎಂದು ಹಲವರು ನಂಬಿದ್ದಾರೆ. ಲೂಯಿಯ ಕಾಲದಲ್ಲಿಯೂ ಕಡಲು ಕೆಲವು ಕಿಲೋಮೀಟರ್ ದೂರದಲ್ಲೇ ಇತ್ತು. ಹಿನ್ನೀರು ಮತ್ತು ಕಾಲುವೆಗಳ ಮೂಲಕ ಊರಿಗೂ ಕಡಲಿಗೂ ಸಂಪರ್ಕವಿತ್ತು. ಆ ಕಾಲುವೆಗಳಲ್ಲಿ ಹೂಳು ತುಂಬುತ್ತಾ ಹೋಯಿತು. 1481ರಲ್ಲಿ ಪ್ರೊವಾನ್ಸ್ ಫ್ರಾನ್ಸಿಗೆ ಸೇರಿ ಮಾರ್ಸೇಯ್ ದೊರೆಯ ಕೈಗೆ ಬಂದ ಮೇಲೆ ಹೂಳೆತ್ತುವ ಖರ್ಚಿಗೂ ಅರ್ಥವುಳಿಯಲಿಲ್ಲ. ಬಂದರು ಸೊರಗಿದ್ದರಿಂದ ಊರು ಬೆಳೆಯಲಿಲ್ಲ, ಊರು ಬೆಳೆಯದ್ದರಿಂದ ಗೋಡೆಯನ್ನು ಒಡೆಯುವ ಅಗತ್ಯವೂ ಯಾರಿಗೂ ಬರಲಿಲ್ಲ. ಇಂದು ನಾವು ಬೆರಗಿನಿಂದ ನೋಡುವ ಅಖಂಡ ಕೋಟೆ ಉಳಿದುಬಂದದ್ದು ಬಹುಮಟ್ಟಿಗೆ ಊರಿನ ಬಡತನದ ದೆಸೆಯಿಂದ.

ಯಾವ ತಿಂಗಳಲ್ಲಿ ಹೋಗಬೇಕು

ಜುಲೈ ಮತ್ತು ಆಗಸ್ಟ್ ತಿಂಗಳನ್ನು, ಶಾಲೆಯ ರಜೆಯ ಕಟ್ಟು ಇಲ್ಲದವರು, ಬಿಟ್ಟುಬಿಡುವುದೇ ಲೇಸು. ಬಿಸಿಲು 30 ಡಿಗ್ರಿ ದಾಟುವುದು ಸಾಮಾನ್ಯ, ಕೋಟೆಗೋಡೆಯ ಮೇಲೆ ನೆರಳೆಂಬುದಿಲ್ಲ, ಕಡಲತೀರಕ್ಕೆ ಬಂದ ರಜಾಪ್ರವಾಸಿಗಳು ಮಧ್ಯಾಹ್ನದ ಹೊತ್ತಿಗೆ ಊರಿನೊಳಗೆ ಕಿಕ್ಕಿರಿದಿರುತ್ತಾರೆ. ಮೇ ತಿಂಗಳ ನಡುಭಾಗದಿಂದ ಜೂನ್ ಕೊನೆಯವರೆಗಿನ ಕಾಲ ಹಿತವಾದದ್ದು. ಹಗಲು ದೀರ್ಘ, ಹಕ್ಕಿಗಳು ಹೇರಳ. ಆದರೂ ಒಂದೇ ತಿಂಗಳನ್ನು ಆರಿಸಿ ಹೇಳೆಂದರೆ ನಾನು ಸೆಪ್ಟೆಂಬರ್ ಎನ್ನುತ್ತೇನೆ. ಆಗಸ್ಟ್ ಕೊನೆಯಿಂದ ಆರಂಭವಾಗುವ ಉಪ್ಪಿನ ಕೊಯ್ಲು ಆಗ ನಡೆಯುತ್ತಿರುತ್ತದೆ, ಬೇಸಿಗೆಯ ಬಿಸಿಲಿಗೆ ಗಟ್ಟಿಯಾದ ಉಪ್ಪು ನೀರಿನ ಗುಲಾಬಿ ಬಣ್ಣ ಇನ್ನೂ ಮಾಸಿರುವುದಿಲ್ಲ, ಜನಸಂದಣಿ ಇಳಿದಿರುತ್ತದೆ. ಆ ತಿಂಗಳ ಮೂರನೆಯ ವಾರಾಂತ್ಯದ ಸುಮಾರಿಗೆ ಬರುವ ಯುರೋಪಿನ ಪರಂಪರೆಯ ದಿನಗಳಂದು ಫ್ರಾನ್ಸಿನ ಅನೇಕ ಸ್ಮಾರಕಗಳು ಪುಕ್ಕಟೆಯಾಗಿ ತೆರೆದಿರುತ್ತವೆ. ಸೆಪ್ಟೆಂಬರಿನ ಒಂದೇ ತೊಡಕು ಮಳೆ. ಬೆಚ್ಚಗಿನ ಸಮುದ್ರದ ಕಡೆಯಿಂದ ಬರುವ ಆರ್ದ್ರ ಗಾಳಿ ಉತ್ತರದ ಸೆವೆನ್ ಬೆಟ್ಟಗಳಿಗೆ ತಾಗಿ, ಶರತ್ಕಾಲದಲ್ಲಿ ಈ ಊರಿರುವ ಗಾರ್ ಜಿಲ್ಲೆಯ ಮೇಲೆ ಕೆಲವೇ ಗಂಟೆಗಳಲ್ಲಿ ಭಾರಿ ಮಳೆ ಸುರಿಸುವುದುಂಟು. ಫ್ರಾನ್ಸಿನ ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಬಣ್ಣದ ಎಚ್ಚರಿಕೆ ಕೊಟ್ಟಿದ್ದರೆ ಆ ದಿನ ರಸ್ತೆಗಿಳಿಯದಿರಬೇಕು.

ಅಕ್ಟೋಬರಿನಲ್ಲಿ ಹೋಗುವವರು ಊರಹಬ್ಬದ ದಿನಾಂಕಗಳನ್ನು ಮೊದಲೇ ನೋಡಿಕೊಳ್ಳಬೇಕು. ಆಗ ದಕ್ಷಿಣದ ಕೋಟೆಗೋಡೆಗೆ ಒತ್ತಿಕೊಂಡು, ಊರಿನ ಮನೆತನಗಳು ತಮ್ಮತಮ್ಮ ಮರದ ಅಟ್ಟಣಿಗೆಗಳನ್ನು ಜೋಡಿಸಿ ಒಂದು ಹೋರಿ ಕಣವನ್ನೇ ಕಟ್ಟುತ್ತವೆ. ಬಿಳಿಯ ಕುದುರೆಗಳ ಮೇಲೆ ಕುಳಿತ ಸವಾರರು ಹೋರಿಗಳನ್ನು ನಡುವೆ ಸೇರಿಸಿಕೊಂಡು ಓಡಿಸುತ್ತಾರೆ. ಕಮಾರ್ಗ್ ಪದ್ಧತಿಯ ಆಟದಲ್ಲಿ ಹೋರಿಯನ್ನು ಕೊಲ್ಲುವುದಿಲ್ಲ. ಅದರ ಕೊಂಬಿಗೆ ಕಟ್ಟಿದ ದಾರ ಮತ್ತು ಗೊಂಡೆಗಳನ್ನು ಕಿತ್ತುಕೊಳ್ಳುವುದೇ ಪಂದ್ಯ, ಹೆಸರು ಗಳಿಸಿದ ಹೋರಿಗೆ ಆಟಗಾರನಿಗಿಂತ ಹೆಚ್ಚಿನ ಮರ್ಯಾದೆ. ಈ ಹಬ್ಬವನ್ನು ನೋಡಲೆಂದೇ ಹೋಗುವುದಾದರೆ ಬಹಳ ಮೊದಲೇ ಕೊಠಡಿ ಕಾದಿರಿಸಬೇಕು, ಬೀದಿಯಲ್ಲಿ ಕಬ್ಬಿಣದ ತಡೆಗಂಬಿಗಳ ಹಿಂದೆಯೇ ನಿಲ್ಲಬೇಕು. ನೆಮ್ಮದಿಯಾಗಿ ಕೋಟೆ ನೋಡುವ ಉದ್ದೇಶವಿದ್ದರೆ ಆ ದಿನಗಳನ್ನು ತಪ್ಪಿಸಬೇಕು. ಆಗಸ್ಟಿನ ಕೊನೆಯಲ್ಲಿ ನಡೆಯುವ ಸಂತ ಲೂಯಿಯ ಉತ್ಸವಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದು ಮಧ್ಯಯುಗದ ವೇಷಭೂಷಣಗಳ ಮೆರವಣಿಗೆ.

ಚಳಿಗಾಲದಲ್ಲಿ ಊರು ತೀರ ಮೌನ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ಕೋಟೆಯ ಮೇಲೆ ನಿಂತವರ ಮೂಳೆ ಕೊರೆಯುತ್ತದೆ, ಉಪ್ಪಿನಾಗರದ ಭೇಟಿ ನಿಂತಿರುತ್ತದೆ. ಆದರೆ ಅದೇ ಗಾಳಿ ಬೀಸಿದ ದಿನ ಆಕಾಶ ತೊಳೆದಿಟ್ಟಂತಿರುತ್ತದೆ, ಗೋಪುರದ ತುದಿಯಿಂದ ದೂರದ ಬೆಟ್ಟಸಾಲು ಸ್ಪಷ್ಟವಾಗಿ ಕಾಣುತ್ತದೆ.

ತಲುಪುವ ದಾರಿ

ವೀಸಾ ಬೇಕಾದವರು ಷೆಂಗೆನ್ ಅಲ್ಪಾವಧಿ ವೀಸಾಕ್ಕೆ, ಅಂದರೆ ಫ್ರಾನ್ಸೂ ಸೇರಿದ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾಕ್ಕೆ, ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು ಎಂದು ನಿಯಮವಿದ್ದರೂ ಅಷ್ಟು ತಡಮಾಡುವುದು ಜಾಣತನವಲ್ಲ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಹಲವು ದೇಶ ಸುತ್ತುವವರು ಹೆಚ್ಚು ದಿನ ತಂಗುವ ದೇಶದ ಮೂಲಕವೇ ಅರ್ಜಿ ಸಲ್ಲಿಸಬೇಕು.

ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ನೀಮ್ ನಗರಕ್ಕೆ ವೇಗದ ರೈಲು ಟಿಜಿವಿ ಸುಮಾರು ಮೂರು ಗಂಟೆಯಲ್ಲಿ ತಲುಪುತ್ತದೆ. ಟಿಕೆಟ್ ದರ ದಿನ ಹತ್ತಿರವಾದಂತೆ ಏರುತ್ತದೆಯಾದ್ದರಿಂದ ಮಾರಾಟ ತೆರೆದ ಕೂಡಲೇ ಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ಒಂದು ಎಚ್ಚರ ಬೇಕು. ನೀಮ್‌ನಲ್ಲಿ ಎರಡು ನಿಲ್ದಾಣಗಳಿವೆ. ಒಂದು ನಗರದ ಮಧ್ಯದಲ್ಲಿರುವ ಹಳೆಯ ನಿಲ್ದಾಣ; ಇನ್ನೊಂದು 2019ರ ಡಿಸೆಂಬರಿನಲ್ಲಿ ತೆರೆದ ನೀಮ್ ಪೋಂ-ದ್ಯು-ಗಾರ್, ಅದು ನಗರದಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರದ ಬಯಲಿನಲ್ಲಿದೆ. ಎಗ್-ಮೋರ್ತ್‌ಗೆ ಹೋಗುವ ಸ್ಥಳೀಯ ರೈಲು ಹೊರಡುವುದು ನಗರದ ಹಳೆಯ ನಿಲ್ದಾಣದಿಂದ. ಹೊಸ ನಿಲ್ದಾಣದಲ್ಲಿ ಇಳಿದವರು ಅಲ್ಲಿಂದ ಇನ್ನೊಂದು ರೈಲು ಹಿಡಿದು ನಗರಕ್ಕೆ ಬರಬೇಕಾಗುವುದರಿಂದ, ಟಿಕೆಟ್ಟಿನಲ್ಲಿ ನಿಲ್ದಾಣದ ಪೂರ್ಣ ಹೆಸರನ್ನು ಓದಿಯೇ ಹಣ ಕಟ್ಟಬೇಕು.

ನೀಮ್‌ನಿಂದ ಕಡಲತೀರದ ಗ್ರೋ-ದ್ಯು-ರುವಾವರೆಗೆ ಹೋಗುವ ಸಣ್ಣ ರೈಲು ಸುಮಾರು ಮುಕ್ಕಾಲು ಗಂಟೆಯಲ್ಲಿ ಎಗ್-ಮೋರ್ತ್ ಮುಟ್ಟಿಸುತ್ತದೆ. ದ್ರಾಕ್ಷಿತೋಟಗಳನ್ನೂ ಕೆಸರುಗದ್ದೆಗಳನ್ನೂ ಹಾದು, ಕಾಲುವೆಯ ಬದಿಗೆ ಬರುತ್ತಿದ್ದಂತೆ ಕೋಟೆಯ ದುಂಡು ಗೋಪುರ ಕಾಣಿಸುತ್ತದೆ. ದಿನಕ್ಕೆ ಇರುವ ರೈಲುಗಳು ಕೆಲವೇ, ಹಳಿ ದುರಸ್ತಿಯ ಕಾಲದಲ್ಲಿ ರೈಲಿನ ಬದಲು ಬಸ್ ಓಡಿಸುವುದೂ ಉಂಟು. ಆದುದರಿಂದ ಹೋಗುವ ರೈಲಿನ ಜೊತೆಗೇ ಮರಳುವ ಕೊನೆಯ ರೈಲಿನ ಹೊತ್ತನ್ನೂ, ಅದೇ ದಾರಿಯ ಪ್ರಾದೇಶಿಕ ಬಸ್ಸಿನ ವೇಳಾಪಟ್ಟಿಯನ್ನೂ ಬರೆದಿಟ್ಟುಕೊಳ್ಳಬೇಕು. ನಿಲ್ದಾಣದಿಂದ ಕೋಟೆಯ ಉತ್ತರದ ಗಾರ್ದೆತ್ ಹೆಬ್ಬಾಗಿಲಿಗೆ ನಡೆದೇ ಹೋಗಬಹುದು.

ಕಾರಿನಲ್ಲಿ ಬರುವವರಿಗೆ ನೀಮ್‌ನಿಂದ ಸುಮಾರು 40 ಕಿಲೋಮೀಟರ್ ದಾರಿ. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಮೋಂಪೆಲಿಯೆಯದು. ಕೋಟೆಯೊಳಗೆ ಹೊರಗಿನವರ ವಾಹನಗಳಿಗೆ ನಿರ್ಬಂಧವಿರುವುದರಿಂದ ಗೋಡೆಯ ಹೊರಗಿನ ಶುಲ್ಕದ ನಿಲುಗಡೆಯಲ್ಲಿ ಬಿಟ್ಟು ನಡೆಯಬೇಕು.

ತಂಗುವುದು ಎಲ್ಲಿ

ಗೋಡೆಯ ಒಳಗೋ ಹೊರಗೋ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಹೊರಗೆ ಬೆಲೆ ಇಳಿದಿರುತ್ತದೆ, ಕಾರು ನಿಲ್ಲಿಸಲು ಜಾಗವಿರುತ್ತದೆ. ಒಳಗೆ ಕೊಠಡಿಗಳು ಚಿಕ್ಕವು, ಹಳೆಯ ಮನೆಗಳ ಮೆಟ್ಟಿಲು ಕಡಿದಾದದ್ದು, ಸಾಮಾನನ್ನು ಕೈಯಲ್ಲೇ ಹೊತ್ತು ನಡೆಯಬೇಕು. ಅಷ್ಟಾದರೂ ಒಂದು ರಾತ್ರಿಯಾದರೂ ಒಳಗೇ ತಂಗಿರಿ ಎಂಬುದು ನನ್ನ ಸಲಹೆ. ಸಂಜೆ ಆರರ ನಂತರ ದಿನದ ಪ್ರವಾಸಿಗಳು ಕರಗಿಹೋಗುತ್ತಾರೆ. ಅಂಗಡಿಗಳ ಬಾಗಿಲು ಮುಚ್ಚುತ್ತವೆ. ಉದ್ದ ಅರ್ಧ ಕಿಲೋಮೀಟರು, ಅಗಲ ಸುಮಾರು 300 ಮೀಟರ್ ಇರುವ ಈ ಊರಿನ ಬೀದಿಗಳು ಚದುರಂಗದ ಮನೆಯಂತೆ ನೇರ ನೇರ ಕತ್ತರಿಸಿಕೊಂಡಿವೆ. ಯೋಜನೆ ಹಾಕಿ ಕಟ್ಟಿದ ಊರು ಇದು ಎಂಬುದು ಹಗಲಿನ ಗದ್ದಲದಲ್ಲಿ ತಿಳಿಯುವುದಿಲ್ಲ, ರಾತ್ರಿಯ ಖಾಲಿ ಬೀದಿಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಗೋಡೆಯನ್ನು ಕಂಡಾಗ ತಿಳಿಯುತ್ತದೆ. ಬಾಡಿಗೆಯ ಜೊತೆಗೆ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆಯೂ ಸೇರುತ್ತದೆ ಎಂಬುದು ನೆನಪಿರಲಿ.

ಕೊಠಡಿ ಆರಿಸುವಾಗ ಕಿಟಕಿಗೆ ಸೊಳ್ಳೆ ಪರದೆ ಇದೆಯೇ ಎಂದು ಕೇಳಲು ಸಂಕೋಚಪಡಬಾರದು. ನಿಂತ ನೀರಿನ ಊರಿನಲ್ಲಿ ಸೊಳ್ಳೆಗಳಿಗೆ ಬರವಿಲ್ಲ. ಮುಸ್ಸಂಜೆಯ ವೇಳೆ ಹೊರಗೆ ಕೂರುವವರು ಸೊಳ್ಳೆ ನಿವಾರಕ ಹಚ್ಚಿಕೊಂಡಿರಬೇಕು, ಉದ್ದ ತೋಳಿನ ಬಟ್ಟೆ ಇಟ್ಟುಕೊಂಡಿರಬೇಕು.

ಗೋಪುರ, ಆಮೇಲೆ ಗೋಡೆ

ಊರಿಗೆ ಬಂದ ಮೊದಲ ಸಂಜೆ ಒಳಗಿನದನ್ನು ನೋಡುವ ಆತುರ ಬೇಡ. ಕೋಟೆಯ ಹೊರಗಿನಿಂದ ಒಂದು ಸುತ್ತು ಬನ್ನಿ. ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು, ಟಿಕೆಟ್ ಬೇಕಿಲ್ಲ. ದಕ್ಷಿಣದ ಬದಿಯಲ್ಲಿ ಗೋಡೆಯ ಮುಂದೆ ಕಟ್ಟಡಗಳ ಅಡ್ಡಿಯಿಲ್ಲದ ಬಯಲಿದೆ. ಇಳಿಬಿಸಿಲಿಗೆ ಆ ಇಡೀ ಉದ್ದದ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಡಗುಗಳ ಕಡೆಗೆ ತೆರೆಯುತ್ತಿದ್ದ ಬಾಗಿಲುಗಳು ಈ ಬದಿಯವೇ ಆದ್ದರಿಂದ, ಊರು ಯಾವ ದಿಕ್ಕಿಗೆ ಮುಖಮಾಡಿ ಹುಟ್ಟಿತು ಎಂಬುದು ಇಲ್ಲಿ ನಿಂತರೆ ಅರ್ಥವಾಗುತ್ತದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಗಾರ್ದೆತ್ ಹೆಬ್ಬಾಗಿಲಿನ ಪಕ್ಕದ ಟಿಕೆಟ್ ಕಚೇರಿಯಲ್ಲಿರಬೇಕು. ಗೋಪುರಕ್ಕೂ ಗೋಡೆಯ ಮೇಲಿನ ನಡಿಗೆಗೂ ಒಂದೇ ಟಿಕೆಟ್. ಇದು ಸರ್ಕಾರಿ ಸ್ಮಾರಕ ಸಂಸ್ಥೆಯ ಉಸ್ತುವಾರಿಯಲ್ಲಿದೆ. 18 ವರ್ಷದೊಳಗಿನವರಿಗೆ ಶುಲ್ಕವಿಲ್ಲ, ಚಳಿಗಾಲದ ಕೆಲವು ತಿಂಗಳುಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಜನವರಿ 1, ಮೇ 1 ಮತ್ತು ಡಿಸೆಂಬರ್ 25ರಂದು ಮುಚ್ಚಿರುತ್ತದೆ. ಮುಚ್ಚುವ ಹೊತ್ತಿಗೆ ತುಸು ಮೊದಲೇ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ, ಮತ್ತು ಬೇಸಿಗೆಗೂ ಚಳಿಗಾಲಕ್ಕೂ ವೇಳೆ ಬೇರೆಬೇರೆ. ಹೊರಡುವ ಹಿಂದಿನ ದಿನ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಂಡರೆ ನಿರಾಸೆ ತಪ್ಪುತ್ತದೆ.

ಕೋನ್ಸ್ತಾನ್ಸ್ ಗೋಪುರ ಕೋಟೆಗೋಡೆಗಿಂತ ಹಳೆಯದು. ಲೂಯಿ ತನ್ನ ಕಾಲದಲ್ಲಿ ಕಟ್ಟಿಸಿ ಮುಗಿಸಿದ್ದು ಇದನ್ನು. ಸುತ್ತಲ ಗೋಡೆಯ ಕೆಲಸ 1272ರಲ್ಲಿ ಮಗ ಮೂರನೆಯ ಫಿಲಿಪ್ಪನ ಕಾಲದಲ್ಲಿ ಆರಂಭವಾಗಿ, ಮೊಮ್ಮಗ ನಾಲ್ಕನೆಯ ಫಿಲಿಪ್ಪನ ಕಾಲದಲ್ಲಿ ಮುಗಿಯಿತು. ಗೋಪುರದ ಗೋಡೆ ಆರು ಮೀಟರ್ ದಪ್ಪ. ಒಳಹೊಕ್ಕ ಕ್ಷಣವೇ ಹೊರಗಿನ ಸದ್ದೂ ಬಿಸಿಲೂ ಕಡಿದುಹೋಗುವುದನ್ನು ಮೈ ಅರಿಯುತ್ತದೆ. ಕೆಳಗೆ ಕಾವಲುಗಾರರ ಸಭಾಂಗಣ, ಮೇಲೆ ನೈಟರ ಸಭಾಂಗಣ. ಎರಡಕ್ಕೂ ಬೆಳಕು ಬರುವುದು ಬಹುಮಟ್ಟಿಗೆ ಬಾಣ ಬಿಡುವ ಸೀಳುಗಂಡಿಗಳಿಂದ.

ಮೇಲಿನ ಆ ಕೋಣೆಯಲ್ಲಿ ಸಾಕಷ್ಟು ಹೊತ್ತು ಕಳೆಯಬೇಕು. ಹದಿನಾಲ್ಕನೆಯ ಲೂಯಿ 1685ರಲ್ಲಿ, ಪ್ರಾಟೆಸ್ಟಂಟರಿಗೆ ಆರಾಧನೆಯ ಹಕ್ಕು ಕೊಟ್ಟಿದ್ದ ನಾಂತ್ ಶಾಸನವನ್ನು ರದ್ದುಪಡಿಸಿ ಪ್ರಾಟೆಸ್ಟಂಟ್ ಪಂಥವನ್ನು ಕಾನೂನುಬಾಹಿರವಾಗಿಸಿದ ಮೇಲೆ, ಮತ ಬಿಡಲೊಪ್ಪದವರಿಗೆ ಈ ಗೋಪುರ ಸೆರೆಮನೆಯಾಯಿತು. 1705ರಲ್ಲಿ ಅಬ್ರಾಮ್ ಮಾಜೆಲ್ ಎಂಬ ಪ್ರಾಟೆಸ್ಟಂಟ್ ಬಂಡುಕೋರ ತನ್ನ ಸಂಗಡಿಗರೊಂದಿಗೆ ಕಲ್ಲು ಸಡಿಲಿಸಿ ಹಗ್ಗ ಇಳಿಬಿಟ್ಟು ತಪ್ಪಿಸಿಕೊಂಡನು. ಮುಂದಿನ ವರ್ಷಗಳಲ್ಲಿ ಇದು ಹೆಂಗಸರ ಸೆರೆಯಾಯಿತು. 1730ರಲ್ಲಿ 19 ವರ್ಷದ ಮರೀ ದ್ಯುರಾಂಳನ್ನು ಇಲ್ಲಿಗೆ ತಂದರು. ಆಕೆಯ ಅಣ್ಣ ಪಿಯೆರ್ ಗುಟ್ಟಾಗಿ ಪ್ರಾರ್ಥನಾ ಸಭೆ ನಡೆಸುವ ಪಾದ್ರಿಯಾಗಿದ್ದದ್ದೇ ಅದಕ್ಕೆ ಕಾರಣ. ಆತನನ್ನು 1732ರಲ್ಲಿ ಮೋಂಪೆಲಿಯೆಯಲ್ಲಿ ಗಲ್ಲಿಗೇರಿಸಿದರು. ‘ನನ್ನ ಮತವನ್ನು ತ್ಯಜಿಸುತ್ತೇನೆ’ ಎಂಬ ಒಂದು ಮಾತಿಗೆ ಬಿಡುಗಡೆ ಸಿಗುತ್ತಿತ್ತು. ಆ ಮಾತು ಆಡದೆ ಮರೀ 38 ವರ್ಷ ಇಲ್ಲಿ ಕಳೆದು, 1768ರಲ್ಲಿ ಹೊರಬಂದಳು. ಸಹಬಂದಿಗಳಿಗೆ ಅನ್ನ ಬಟ್ಟೆ ಬೇಡಿ ಆಕೆ ಬರೆದ ಕಾಗದಗಳು ಉಳಿದುಬಂದಿವೆ. ಕೋಣೆಯ ನೆಲದ ನಡುವೆ ಬಾವಿಯ ಕಟ್ಟೆಯಂಥ ದುಂಡನೆಯ ಕಲ್ಲಿನ ಅಂಚಿದೆ. ಅದರ ಮೇಲೆ ‘ಎದುರಿಸಿ ನಿಲ್ಲು’ ಎಂಬ ಅರ್ಥದ ಒಂದೇ ಪದವನ್ನು ಕೆತ್ತಲಾಗಿದೆ. ಕೆತ್ತಿದವಳು ಮರೀ ಎಂದು ಪರಂಪರೆ ಹೇಳುತ್ತದೆ. ಫ್ರಾನ್ಸಿನ ಪ್ರಾಟೆಸ್ಟಂಟರಿಗೆ ಇದು ಯಾತ್ರಾಸ್ಥಳ. ಕಲ್ಲಿನ ಸುತ್ತ ತಲೆಬಾಗಿ ನಿಂತವರನ್ನು ಕಂಡರೆ ಫೋಟೋ ತೆಗೆಯಲು ಸ್ವಲ್ಪ ಕಾಯುವುದು ಮರ್ಯಾದೆ.

ಗೋಪುರದ ತುದಿಯಲ್ಲಿ ಹಳೆಯ ದೀಪಸ್ತಂಭದ ಕಿರುಗೋಪುರವಿದೆ. ಅಲ್ಲಿಂದ ಒಂದು ಕಡೆ ಊರಿನ ಹೆಂಚಿನ ಮಾಡುಗಳು, ಇನ್ನೊಂದು ಕಡೆ ಉಪ್ಪಿನ ರಾಶಿಗಳು, ಪಶ್ಚಿಮಕ್ಕೆ 1960ರ ದಶಕದಿಂದ ಎದ್ದ ಲಾ ಗ್ರಾಂದ್-ಮೊತ್ ಎಂಬ ಪ್ರವಾಸಿ ನಗರದ ಪಿರಮಿಡ್ಡಿನಾಕಾರದ ಕಟ್ಟಡಗಳು ಕಾಣುತ್ತವೆ. ಮೆಟ್ಟಿಲುಗಳು ಸುರುಳಿಯಾಗಿ, ಇಕ್ಕಟ್ಟಾಗಿವೆ. ಮೊಣಕಾಲು ನೋವಿರುವವರು, ಮಗುವನ್ನು ಎತ್ತಿಕೊಂಡವರು ಯೋಚಿಸಿ ಹತ್ತಬೇಕು. ಲಿಫ್ಟಿನ ಸೌಕರ್ಯವನ್ನು ನಿರೀಕ್ಷಿಸಬಾರದು.

ಗೋಪುರದಿಂದ ಇಳಿದು ಗೋಡೆಯ ಮೇಲೆ ನಡೆಯಲು ಒಂದು ಗಂಟೆ ಇಟ್ಟುಕೊಳ್ಳಿ. ಟೋಪಿ, ನೀರು ಜೊತೆಗಿರಲಿ. ನೈಋತ್ಯ ಮೂಲೆಯ ಕೊತ್ತಲಕ್ಕೆ ಬರ್ಗಂಡಿಯವರ ಗೋಪುರ ಎಂದು ಹೆಸರು. ಫ್ರಾನ್ಸಿಗೂ ಇಂಗ್ಲೆಂಡಿಗೂ ನಡೆದ ನೂರು ವರ್ಷಗಳ ಯುದ್ಧದ ಕಾಲದಲ್ಲಿ ಊರನ್ನು ಹಿಡಿದಿದ್ದ, ಬರ್ಗಂಡಿ ಸಂಸ್ಥಾನದ ಪಕ್ಷದ ಸೈನಿಕರನ್ನು ರಾಜಪಕ್ಷದವರು ಕೊಂದು, ಹೆಣಗಳನ್ನು ಹೂಳಲು ಪುರುಸೊತ್ತಿಲ್ಲದೆ, ಕೊಳೆಯದಂತೆ ಉಪ್ಪು ಹಾಕಿ ಈ ಗೋಪುರದಲ್ಲಿ ಪೇರಿಸಿಟ್ಟರು ಎಂಬ ಕಥೆಯಿದೆ. ನಿಜವೋ ಕಟ್ಟುಕಥೆಯೋ, ಉಪ್ಪಿಗೆ ಬರವಿಲ್ಲದ ಊರಿಗೆ ಒಪ್ಪುವ ಕಥೆ. ದಕ್ಷಿಣದ ಗೋಡೆಯ ಮೇಲಿಂದ, ಬೇಸಿಗೆಯ ನಡುಹಗಲಿನಲ್ಲಿ, ಗುಲಾಬಿ ಬಣ್ಣದ ನೀರಿನ ಮಡಿಗಳು ಅತ್ಯಂತ ಗಾಢವಾಗಿ ಕಾಣುತ್ತವೆ.

ಊರಿನೊಳಗೆ ತಪ್ಪದೆ ನೋಡಬೇಕಾದದ್ದು ನೋತ್ರ್-ದಾಮ್-ದೆ-ಸಾಬ್ಲೋಂ ಚರ್ಚು, ಅಂದರೆ ಮರಳಿನ ಮಾತೆಯ ಗುಡಿ. ಹದಿಮೂರನೆಯ ಶತಮಾನದ ಸರಳ ಗೋಥಿಕ್ ಕಟ್ಟಡಕ್ಕೆ, ನೀಮ್‌ನ ಕಲಾವಿದ ಕ್ಲೋದ್ ವಿಯಾಲ 1991ರಲ್ಲಿ ರೂಪಿಸಿದ ಬಣ್ಣದ ಗಾಜಿನ ಕಿಟಕಿಗಳಿವೆ. ಹಳೆಯ ಕಲ್ಲಿಗೂ ಹೊಸ ಗಾಜಿಗೂ ಹೊಂದಿಕೆಯಿಲ್ಲವೆಂದು ಮೂಗು ಮುರಿಯುವವರೂ ಇದ್ದಾರೆ. ಬೆಳಗಿನ ಬಿಸಿಲು ಆ ಗಾಜಿನಿಂದ ತೂರಿ ಬರಿಯ ಕಲ್ಲಿನ ನೆಲದ ಮೇಲೆ ಚೆಲ್ಲಿದ್ದನ್ನು ಕಂಡ ಮೇಲೆ ನನಗೆ ಆ ಆಕ್ಷೇಪ ಹಿಡಿಸದು.

ಉಪ್ಪಿನಾಗರ

ಎರಡನೆಯ ದಿನದ ಮಧ್ಯಾಹ್ನವನ್ನು ಪೂರ್ತಿಯಾಗಿ ಉಪ್ಪಿಗೆ ಮೀಸಲಿಡಬೇಕು. ಗ್ರೋ-ದ್ಯು-ರುವಾ ಕಡೆಗೆ ಹೋಗುವ ರಸ್ತೆಯಲ್ಲಿ ಉಪ್ಪಿನಾಗರದ ಪ್ರವೇಶವಿದೆ. ವಸಂತದಿಂದ ಶರತ್ಕಾಲದವರೆಗೆ ಪುಟ್ಟ ರೈಲಿನಂಥ ಗಾಡಿಯಲ್ಲಿ ಕೂರಿಸಿ ಒಳಗೆ ಸುತ್ತಿಸುತ್ತಾರೆ. ನಡೆದು ಅಥವಾ ಸೈಕಲ್ಲಿನಲ್ಲಿ ನೋಡುವ ವ್ಯವಸ್ಥೆಯೂ ಇದೆ. ಬೇಸಿಗೆಯಲ್ಲಿ ಸ್ಥಳಗಳು ಬೇಗ ತುಂಬುವುದರಿಂದ ಅಂತರ್ಜಾಲದಲ್ಲಿ ಮೊದಲೇ ಕಾದಿರಿಸಿ.

ನೋಡುವುದಕ್ಕೆ ಮುಂಚೆ ಅದು ನಡೆಯುವ ಬಗೆ ತಿಳಿದಿದ್ದರೆ ಹೆಚ್ಚು ಕಾಣುತ್ತದೆ. ವಸಂತದಲ್ಲಿ ಸಮುದ್ರದ ನೀರನ್ನು ಒಳಗೆ ಹಾಯಿಸಿ, ಒಂದು ಮಡಿಯಿಂದ ಇನ್ನೊಂದಕ್ಕೆ ತೂಬುಗಳ ಮೂಲಕ ತಿಂಗಳುಗಟ್ಟಲೆ ಹರಿಸುತ್ತಾ ಹೋಗುತ್ತಾರೆ. ಬಿಸಿಲು ಮತ್ತು ಗಾಳಿಗೆ ನೀರು ಆರಿ, ಲೀಟರಿಗೆ ಸುಮಾರು 260 ಗ್ರಾಂ ಉಪ್ಪಿನ ಮಟ್ಟ ಮುಟ್ಟಿದಾಗ ಹರಳು ಕಟ್ಟಲು ತೊಡಗುತ್ತದೆ. ಅಷ್ಟು ಉಪ್ಪಿನಲ್ಲಿ ಬದುಕಬಲ್ಲ ಜೀವಿಗಳು ಕೆಲವೇ. ಅವುಗಳಲ್ಲೊಂದು ದುನಾಲಿಯೆಲ್ಲಾ ಸಲೀನಾ ಎಂಬ ಸೂಕ್ಷ್ಮ ಪಾಚಿ. ಸುಡುಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಕ್ಯಾರೆಟ್ಟಿನಲ್ಲಿರುವಂಥದೇ ಕೆಂಬಣ್ಣದ ವಸ್ತುವನ್ನು ತುಂಬಿಕೊಳ್ಳುತ್ತದೆ. ನೀರಿನ ಗುಲಾಬಿ ಬಣ್ಣ ಅದರದು. ಆ ಪಾಚಿಯನ್ನು ಆರ್ಟೀಮಿಯಾ ಎಂಬ ಕಿರುಸೀಗಡಿ ತಿನ್ನುತ್ತದೆ, ಸೀಗಡಿಯನ್ನು ಫ್ಲೆಮಿಂಗೊ ತಿನ್ನುತ್ತದೆ, ಹಕ್ಕಿಯ ಗರಿಗೂ ಅದೇ ಬಣ್ಣ ಏರುತ್ತದೆ. ಗಾಳಿ ತಗ್ಗಿದ ಬೇಸಿಗೆಯ ದಿನಗಳಲ್ಲಿ ನೀರಿನ ಮೇಲೆ ಕೆನೆಯಂತೆ ಕಟ್ಟುವ ತೆಳು ಹರಳುಗಳನ್ನು ಕೈಯಿಂದ ಕೆನೆ ತೆಗೆದಂತೆ ತೆಗೆಯುತ್ತಾರೆ. ಅದೇ ಫ್ಲರ್ ದ ಸೆಲ್, ಉಪ್ಪಿನ ಹೂವು. ತಳದಲ್ಲಿ ಗಟ್ಟಿಯಾದದ್ದನ್ನು ಯಂತ್ರಗಳಿಂದ ಕೊಯ್ದು ಗುಡ್ಡ ಹಾಕುತ್ತಾರೆ. ಆ ಬಿಳಿಯ ಗುಡ್ಡದ ಮೇಲೆ ನಿಂತು ತಿರುಗಿ ನೋಡಿದರೆ ಇಡೀ ಕೋಟೆ ಒಂದು ಆಟಿಕೆಯಂತೆ ಕಾಣುತ್ತದೆ. ಬಿಳುಪಿನ ಪ್ರತಿಫಲನ ಕಣ್ಣಿಗೆ ಹೊಡೆಯುತ್ತದಾದ್ದರಿಂದ ತಂಪು ಕನ್ನಡಕ ಮರೆಯಬಾರದು.

ಈ ಉಪ್ಪಿಗೆ ಒಂದು ಕರಾಳ ನೆನಪೂ ಅಂಟಿದೆ. 1893ರ ಆಗಸ್ಟ್ 16 ಮತ್ತು 17ರಂದು, ಕೊಯ್ಲಿಗೆ ಬಂದ ಇಟಲಿಯ ಕೂಲಿಗಳಿಗೂ ಫ್ರೆಂಚ್ ಕೂಲಿಗಳಿಗೂ ನಡುವೆ ಹುಟ್ಟಿದ ಜಗಳ ಬೇಟೆಯಾಗಿ ತಿರುಗಿ, ಅಧಿಕೃತ ಲೆಕ್ಕದಂತೆಯೇ ಎಂಟು ಮಂದಿ ಇಟಲಿಯನ್ನರು ಹತರಾದರು. ಅಂಗುಲೇಮ್‌ನಲ್ಲಿ ನಡೆದ ವಿಚಾರಣೆಯಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. ಗುಲಾಬಿ ನೀರಿನ ಚಿತ್ರಪಟಗಳಲ್ಲಿ ಈ ಸಂಗತಿ ಬರುವುದಿಲ್ಲ. ಹೋಗುವವರು ತಿಳಿದಿರುವುದು ನ್ಯಾಯ.

ಊಟ

ಮಧ್ಯಾಹ್ನದ ಅಡುಗೆಮನೆ ಹನ್ನೆರಡಕ್ಕೆ ತೆರೆದು ಎರಡಕ್ಕೆ ಮುಚ್ಚುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಮೂರಕ್ಕೆ ಹೋದರೆ ಕಾಫಿಯಷ್ಟೇ ಸಿಕ್ಕೀತು. ಇಲ್ಲಿನ ಹೆಸರಾಂತ ತಿನಿಸು ವೈನಿನಲ್ಲಿ ಬಹುಹೊತ್ತು ಬೇಯಿಸಿದ ಹೋರಿ ಮಾಂಸದ ಗಾರ್ದಿಯಾನ್, ಜೊತೆಗೆ ಕಮಾರ್ಗಿನ ಅಕ್ಕಿಯ ಅನ್ನ. ಸಸ್ಯಾಹಾರಿಗಳು ಸ್ಪಷ್ಟವಾಗಿ ‘ಮಾಂಸವಿಲ್ಲ, ಮೀನಿಲ್ಲ’ ಎಂದು ಎರಡನ್ನೂ ಹೇಳಬೇಕು. ಆಲಿವ್ ಅರೆದು ಮಾಡುವ ತಪೆನಾದ್ ನೋಡಲು ಚಟ್ನಿಯಂತಿದ್ದರೂ ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ಊರಿನದೇ ಆದ ಸಿಹಿ ಫೂಗಾಸ್, ಕಿತ್ತಳೆ ಹೂವಿನ ನೀರಿನ ಪರಿಮಳವಿರುವ ಬೆಣ್ಣೆ ಸಕ್ಕರೆಯ ಮೆತ್ತನೆಯ ರೊಟ್ಟಿ. ಮೊದಲು ಕ್ರಿಸ್‌ಮಸ್ ಕಾಲದ ತಿಂಡಿಯಾಗಿದ್ದದ್ದು ಈಗ ವರ್ಷವಿಡೀ ದೊರೆಯುತ್ತದೆ. ಅದೇ ಹೆಸರಿನ ಖಾರದ ಬಗೆಗಳಲ್ಲಿ ಹಂದಿಯ ಕೊಬ್ಬಿನ ಚೂರು ಇರುವುದುಂಟು, ಕೇಳಿಯೇ ಕೊಳ್ಳಬೇಕು. ಬುಧವಾರ ಮತ್ತು ಭಾನುವಾರ ಬೆಳಿಗ್ಗೆ ಗೋಡೆಯ ಹೊರಗೆ ಸಂತೆ ಕೂಡುತ್ತದೆ. ಹಣ್ಣು, ಚೀಸು, ಬ್ರೆಡ್ಡು ಕೊಂಡು ಕಾಲುವೆಯ ಪಕ್ಕ ಕುಳಿತು ತಿನ್ನುವುದು ಖರ್ಚನ್ನೂ ಉಳಿಸುತ್ತದೆ. ಹೋಟೆಲಿನಲ್ಲಿ ಹೂಜಿಯ ನೀರು ಕೇಳಿದರೆ ಊಟದ ಜೊತೆ ಉಚಿತವಾಗಿ ಕೊಡುತ್ತಾರೆ, ಸೇವಾಶುಲ್ಕ ಬಿಲ್ಲಿನಲ್ಲೇ ಸೇರಿರುತ್ತದೆ. ಯಾವ ಅಂಗಡಿಗೆ ಕಾಲಿಟ್ಟರೂ ಮೊದಲ ಮಾತು ‘ಬೋಂಜೂರ್’ ಆಗಿರಲಿ. ಅದನ್ನು ಹೇಳದೆ ನೇರ ವ್ಯವಹಾರಕ್ಕಿಳಿಯುವುದನ್ನು ಇಲ್ಲಿ ಒರಟುತನವೆಂದು ಎಣಿಸುತ್ತಾರೆ.

ಮೂರನೆಯ ದಿನ ಉಳಿದರೆ

ಊರಿನಿಂದ ಉತ್ತರಕ್ಕೆ ಮೂರು ಕಿಲೋಮೀಟರ್ ಆಚೆ, ಜವುಗಿನ ನಡುವೆ ಕಾರ್ಬೋನಿಯೆರ್ ಗೋಪುರ ಒಂಟಿಯಾಗಿ ನಿಂತಿದೆ. ಒಂದು ಕಾಲಕ್ಕೆ ನೆಲದ ಮೂಲಕ ಊರಿಗಿದ್ದ ಏಕೈಕ ದಾರಿಯನ್ನು ಕಾಯುತ್ತಿದ್ದ ಠಾಣೆ ಇದು; ದಾರಿ ಅದರ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತಿತ್ತು. ಮೇಲೆ ಹತ್ತಲು ಶುಲ್ಕವಿಲ್ಲ. ಬೆಳಿಗ್ಗೆ ಬೇಗ ಹೋದರೆ ಹಕ್ಕಿಗಳೂ ಬಿಳಿಯ ಕುದುರೆಗಳೂ ಕಾಣಸಿಗುತ್ತವೆ. ಕಡಲು ನೋಡುವ ಆಸೆಯಿದ್ದವರು ಕಾಲುವೆಯ ಬದಿಯ ಸೈಕಲ್ ದಾರಿಯಲ್ಲಿ ಆರು ಕಿಲೋಮೀಟರ್ ದೂರದ ಗ್ರೋ-ದ್ಯು-ರುವಾಗೆ ಹೋಗಬಹುದು. ನೆಲ ಸಮತಟ್ಟು, ಎದುರುಗಾಳಿಯೊಂದೇ ಕಷ್ಟ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಗೋಪುರವನ್ನೇ ಆರಿಸುತ್ತೇನೆ.

ಮರಳುವಾಗ ಉಪ್ಪಿನ ಹೂವಿನ ಡಬ್ಬಿಯನ್ನು ಕೊಳ್ಳದೆ ಬರುವವರು ಕಡಿಮೆ. ಕೋಟೆಯೊಳಗಿನ ಉಡುಗೊರೆ ಅಂಗಡಿಗಳಲ್ಲಿನ ಬೆಲೆಯನ್ನು ಉಪ್ಪಿನಾಗರದ ಮಳಿಗೆಯ ಬೆಲೆಯೊಂದಿಗೂ ಹತ್ತಿರದ ಸೂಪರ್‌ಮಾರ್ಕೆಟ್ಟಿನ ಬೆಲೆಯೊಂದಿಗೂ ಹೋಲಿಸಿಯೇ ಕೊಳ್ಳಿ. ವಿಮಾನದಲ್ಲಿ ಹೋಗುವವರು ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ದೊಡ್ಡ ಚೀಲದ ನಡುವೆ ಇಡುವುದು ಮೇಲು, ಏಕೆಂದರೆ ಈ ಉಪ್ಪು ಸ್ವಲ್ಪ ಹಸಿಯಾಗಿಯೇ ಇರುತ್ತದೆ, ಸುತ್ತಿದ ಬಟ್ಟೆಗೆ ತೇವ ಬಿಡುತ್ತದೆ.